ಕರ್ನಾಟಕದಲ್ಲಿ ಆಪ್ತಸಮಾಲೋಚನೆ ಮತ್ತು ಮನೋಚಿಕಿತ್ಸೆಯ ಸ್ನಾತಕೋತ್ತರ ಶಿಕ್ಷಣ

ಕರ್ನಾಟಕದಲ್ಲಿ ಆಪ್ತಸಮಾಲೋಚನೆ ಮತ್ತು ಮನೋಚಿಕಿತ್ಸೆಯ ಸ್ನಾತಕೋತ್ತರ ಶಿಕ್ಷಣವು ಪದವಿಯ ನಂತರ ಮಾನಸಿಕ ಆರೋಗ್ಯ ಕ್ಷೇತ್ರದಲ್ಲಿ ವೃತ್ತಿ ನಡೆಸಲು ಬಯಸುವವರು ಕಲಿಯುವ ಹಲವು ಬಗೆಯ ಕೋರ್ಸುಗಳ ಸಮುದಾಯ. ಮನೋವಿಜ್ಞಾನದ ಎಂ.ಎ. ಮತ್ತು ಎಂ.ಎಸ್ಸಿ., ಆಪ್ತಸಮಾಲೋಚನಾ ಮನೋವಿಜ್ಞಾನದ ಎಂ.ಎಸ್ಸಿ., ಸಮಾಜಕಾರ್ಯದ ಎಂ.ಎಸ್.ಡಬ್ಲ್ಯೂ., ಚಿಕಿತ್ಸಾ ಮನೋವಿಜ್ಞಾನದ ಹಾಗೂ ಮನೋವೈದ್ಯಕೀಯ ಸಮಾಜಕಾರ್ಯದ ಎಂ.ಫಿಲ್., ಇವುಗಳ ಜೊತೆಗೆ ಅನೇಕ ಸ್ನಾತಕೋತ್ತರ ಡಿಪ್ಲೊಮಾಗಳು ಇದರಲ್ಲಿ ಸೇರುತ್ತವೆ. ಹೆಸರುಗಳಲ್ಲಿ ಹೋಲಿಕೆಯಿದ್ದರೂ ಇವು ಕೊಡುವ ಕಾನೂನುಬದ್ಧ ಸ್ಥಾನಮಾನ ಒಂದೇ ಅಲ್ಲ. ಎರಡು ವರ್ಷ ಓದಿ ಮುಗಿಸಿದ ಮೇಲೆ ತಾನು ಪಡೆದ ಪದವಿಯಿಂದ ಆಸ್ಪತ್ರೆಯಲ್ಲಿ ಚಿಕಿತ್ಸಾ ಮನೋವಿಜ್ಞಾನಿಯಾಗಲು ಬರುವುದಿಲ್ಲ ಎಂದು ತಿಳಿಯುವ ವಿದ್ಯಾರ್ಥಿಗಳು ಪ್ರತಿ ವರ್ಷವೂ ಇರುತ್ತಾರೆ. ಆದ್ದರಿಂದ ಕೋರ್ಸಿನ ಆಯ್ಕೆ ಈ ಕ್ಷೇತ್ರದಲ್ಲಿ ವೃತ್ತಿಜೀವನದ ಮೊದಲ ನಿರ್ಣಯವೂ ಬಹುಪಾಲು ಬದಲಿಸಲಾಗದ ನಿರ್ಣಯವೂ ಆಗಿದೆ.

ಬೆಂಗಳೂರು, ಮೈಸೂರು, ಮಂಗಳೂರು, ಮಣಿಪಾಲ ಮತ್ತು ಧಾರವಾಡ ಈ ಶಿಕ್ಷಣದ ಮುಖ್ಯ ಕೇಂದ್ರಗಳು. ಹಾವೇರಿ ಜಿಲ್ಲೆಯ ಹಾನಗಲ್ಲ, ಶಿಗ್ಗಾಂವಿ, ಸವಣೂರು ಮತ್ತು ಹಿರೇಕೆರೂರು ತಾಲ್ಲೂಕುಗಳಂಥ ಗ್ರಾಮೀಣ ಪ್ರದೇಶಗಳ ವಿದ್ಯಾರ್ಥಿಗಳಿಗೆ ಧಾರವಾಡವೇ ಸಮೀಪದ ಕೇಂದ್ರ.

ಪದಗಳ ಅರ್ಥ

ಕನ್ನಡದಲ್ಲಿ ‘ಕೌನ್ಸೆಲಿಂಗ್’ ಎಂಬುದಕ್ಕೆ ‘ಆಪ್ತಸಮಾಲೋಚನೆ’ ಎಂಬ ಪದ ನೆಲೆಗೊಂಡಿದೆ. ಪ್ರವೇಶ ಪ್ರಾಧಿಕಾರಗಳು ಸೀಟು ಹಂಚಿಕೆಗೂ ‘ಕೌನ್ಸೆಲಿಂಗ್’ ಎಂದೇ ಹೇಳುವುದರಿಂದ ಆಂಗ್ಲ ಪದವು ಗೊಂದಲಕ್ಕೆ ಕಾರಣವಾಗುತ್ತದೆ. ಕನ್ನಡ ಪದದಲ್ಲಿ ಆ ತೊಡಕಿಲ್ಲ. ‘ಸೈಕೋಥೆರಪಿ’ಗೆ ‘ಮನೋಚಿಕಿತ್ಸೆ’ ಎಂಬ ಪದವಿದೆ. ಮನೋವೈದ್ಯರು ಎಂದರೆ ಎಂ.ಬಿ.ಬಿ.ಎಸ್. ನಂತರ ಮನೋವೈದ್ಯಶಾಸ್ತ್ರದಲ್ಲಿ ಉನ್ನತ ವ್ಯಾಸಂಗ ಮಾಡಿ ಔಷಧ ಬರೆದುಕೊಡುವ ಅಧಿಕಾರವುಳ್ಳ ವೈದ್ಯರು. ಈ ಲೇಖನದ ಕೋರ್ಸುಗಳು ಅವರಿಗೆ ಸಂಬಂಧಿಸಿದವಲ್ಲ.

ಆಪ್ತಸಮಾಲೋಚನೆಗೂ ಮನೋಚಿಕಿತ್ಸೆಗೂ ನಡುವಿನ ಗಡಿಯ ಬಗ್ಗೆ ವೃತ್ತಿಯ ಒಳಗೇ ಒಮ್ಮತವಿಲ್ಲ. ಪರೀಕ್ಷೆಯ ಆತಂಕ, ದಾಂಪತ್ಯದ ಬಿರುಕು, ಸಾವಿನ ದುಃಖ ಮುಂತಾದ ಜೀವನದ ಸಂದರ್ಭಗಳಲ್ಲಿ ಅಲ್ಪಾವಧಿಯ ನೆರವು ಆಪ್ತಸಮಾಲೋಚನೆ. ಖಿನ್ನತೆ, ಗೀಳು, ಆಘಾತದ ನಂತರದ ತೊಂದರೆ ಮೊದಲಾದ ರೋಗನಿರ್ಣಯಕ್ಕೆ ಒಳಪಟ್ಟ ಸ್ಥಿತಿಗಳಿಗೆ ವ್ಯವಸ್ಥಿತವಾದ ದೀರ್ಘ ಚಿಕಿತ್ಸೆ ಮನೋಚಿಕಿತ್ಸೆ ಎಂಬುದು ಪಠ್ಯಪುಸ್ತಕದ ವಿಭಜನೆ. ಅಮೆರಿಕದ ಕಾರ್ಲ್ ರೋಜರ್ಸ್ ಎರಡನ್ನೂ ಒಂದೇ ಎಂದು ಪರಿಗಣಿಸಿದ್ದನು. ವ್ಯವಹಾರದಲ್ಲಿ ಒಬ್ಬನೇ ಸಲಹಾರ್ಥಿ ಮೊದಲನೆಯದಕ್ಕಾಗಿ ಬಂದು ಎರಡನೆಯದರ ಅಗತ್ಯವುಳ್ಳವನಾಗಿರುವುದು ಸಾಮಾನ್ಯ. ಈ ವ್ಯತ್ಯಾಸವನ್ನು ಗುರುತಿಸಿ ಸಕಾಲದಲ್ಲಿ ಬೇರೆಯವರಲ್ಲಿಗೆ ಕಳುಹಿಸುವ ತಿಳಿವಳಿಕೆಯನ್ನು ಕಲಿಸದ ಕೋರ್ಸು ಅಪೂರ್ಣವಾದುದು.

ಇತಿಹಾಸ

ಭಾರತದ ಮೊದಲ ಮನೋವಿಜ್ಞಾನ ವಿಭಾಗ 1916ರಲ್ಲಿ ಕಲ್ಕತ್ತಾ ವಿಶ್ವವಿದ್ಯಾಲಯದಲ್ಲಿ ಆರಂಭವಾಯಿತು. ಮೈಸೂರು ವಿಶ್ವವಿದ್ಯಾಲಯದಲ್ಲಿ 1924ರಲ್ಲಿ ಎಂ. ವಿ. ಗೋಪಾಲಸ್ವಾಮಿಯವರು ವಿಭಾಗವನ್ನು ಸ್ಥಾಪಿಸಿದರು. ಅವರು ಲಂಡನ್ನಿನಲ್ಲಿ ಚಾರ್ಲ್ಸ್ ಸ್ಪಿಯರ್‌ಮನ್ನನ ಬಳಿ ಅಧ್ಯಯನ ಮಾಡಿದ್ದರು. (1935ರಲ್ಲಿ ಮೈಸೂರಿನ ತಮ್ಮ ಮನೆಯಿಂದ ‘ಆಕಾಶವಾಣಿ’ ಬಾನುಲಿ ಪ್ರಸಾರ ಆರಂಭಿಸಿದವರೂ ಇವರೇ, ಕನ್ನಡಿಗರು ಅವರನ್ನು ನೆನೆಯುವುದು ಹೆಚ್ಚಾಗಿ ಈ ಕಾರಣಕ್ಕೆ.)

ಚಿಕಿತ್ಸೆಯ ದಿಕ್ಕಿನ ತರಬೇತಿ ಬೆಂಗಳೂರಿನಲ್ಲಿ ಬೆಳೆಯಿತು. ಮೈಸೂರು ಸಂಸ್ಥಾನದ ಹುಚ್ಚಾಸ್ಪತ್ರೆ 1925ರಲ್ಲಿ ಮಾನಸಿಕ ಆಸ್ಪತ್ರೆಯೆಂದು ಹೆಸರು ಬದಲಿಸಿಕೊಂಡಿತು. ಅದರ ಆವರಣದಲ್ಲಿ 1954ರಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಸ್ಥಾಪಿತವಾಯಿತು, ಡಾ. ಎಂ. ವಿ. ಗೋವಿಂದಸ್ವಾಮಿ ಅದರ ಮೊದಲ ನಿರ್ದೇಶಕರು. 1955ರಲ್ಲಿ ಇಲ್ಲಿ ಆರಂಭವಾದ ವೈದ್ಯಕೀಯ ಮತ್ತು ಸಾಮಾಜಿಕ ಮನೋವಿಜ್ಞಾನದ ಡಿಪ್ಲೊಮಾ ದೇಶದ ಚಿಕಿತ್ಸಾ ಮನೋವಿಜ್ಞಾನ ತರಬೇತಿಯ ಮೂಲ. ಅದೇ ಕೋರ್ಸು ಮುಂದೆ ಎಂ.ಫಿಲ್. ರೂಪ ತಾಳಿತು. ಆಸ್ಪತ್ರೆ ಮತ್ತು ಸಂಸ್ಥೆಗಳು 1974ರ ಡಿಸೆಂಬರ್ 27ರಂದು ವಿಲೀನಗೊಂಡು ರಾಷ್ಟ್ರೀಯ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನ ಸಂಸ್ಥೆ, ಅಂದರೆ ನಿಮ್ಹಾನ್ಸ್ ಆಯಿತು. 1994ರಲ್ಲಿ ಅದಕ್ಕೆ ಪರಿಗಣಿತ ವಿಶ್ವವಿದ್ಯಾಲಯದ ಸ್ಥಾನ ದೊರೆಯಿತು. 2012ರ ಕಾಯ್ದೆಯು ಅದನ್ನು ರಾಷ್ಟ್ರೀಯ ಪ್ರಾಮುಖ್ಯದ ಸಂಸ್ಥೆಯೆಂದು ಘೋಷಿಸಿತು.

ಉತ್ತರ ಕರ್ನಾಟಕದ ಇತಿಹಾಸ ಬೇರೆ. ಮುಂಬಯಿ ಪ್ರಾಂತಕ್ಕೆ ಸೇರಿದ್ದ ಧಾರವಾಡದಲ್ಲಿ 1845ರಲ್ಲಿ ಮನೋರೋಗಿಗಳ ಆಸ್ಪತ್ರೆ ಸ್ಥಾಪನೆಯಾಯಿತು. ಒಂದೂವರೆ ಶತಮಾನಕ್ಕೂ ಹೆಚ್ಚು ಕಾಲ ಅದು ಮುಖ್ಯವಾಗಿ ರೋಗಿಗಳನ್ನು ಇರಿಸಿಕೊಳ್ಳುವ ತಾಣವಾಗಿಯೇ ಉಳಿಯಿತು. ಆಡುಮಾತಿನಲ್ಲಿ ‘ಧಾರವಾಡಕ್ಕೆ ಕಳಿಸಬೇಕು’ ಎಂಬ ಗೇಲಿಯ ಮಾತು ಹಾವೇರಿ, ಗದಗ ಭಾಗದಲ್ಲಿ ಇಂದಿಗೂ ಪೂರ್ಣ ಮರೆಯಾಗಿಲ್ಲ. 2009ರಲ್ಲಿ ನಿಮ್ಹಾನ್ಸ್ ಮಾದರಿಯಲ್ಲಿ ಇದನ್ನು ಧಾರವಾಡ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನ ಸಂಸ್ಥೆಯಾಗಿ (ಡಿಮ್ಹಾನ್ಸ್) ಮೇಲ್ದರ್ಜೆಗೇರಿಸಲಾಯಿತು. ಚಿಕಿತ್ಸಾ ಮನೋವಿಜ್ಞಾನ ಮತ್ತು ಮನೋವೈದ್ಯಕೀಯ ಸಮಾಜಕಾರ್ಯದ ಎಂ.ಫಿಲ್. ಕೋರ್ಸುಗಳು ಇಲ್ಲಿ ನಡೆದಿವೆ.

ಕಾನೂನಿನ ಚೌಕಟ್ಟು

ಕೋರ್ಸುಗಳ ನಡುವಿನ ನಿಜವಾದ ವ್ಯತ್ಯಾಸ ಪಠ್ಯಕ್ರಮಕ್ಕಿಂತ ಮೊದಲು ಕಾನೂನಿನಲ್ಲಿದೆ. ಇದನ್ನು ಅರಿಯದೆ ಕೈಪಿಡಿಗಳನ್ನು ಹೋಲಿಸಿ ನೋಡುವುದು ವ್ಯರ್ಥ.

ಭಾರತೀಯ ಪುನರ್ವಸತಿ ಪರಿಷತ್ತು (ಆರ್.ಸಿ.ಐ.) 1992ರ ಕಾಯ್ದೆಯಡಿ ಸ್ಥಾಪಿತವಾದುದು. ಚಿಕಿತ್ಸಾ ಮನೋವಿಜ್ಞಾನಿಗಳು ಈ ಪರಿಷತ್ತಿನ ಕೇಂದ್ರೀಯ ಪುನರ್ವಸತಿ ನೋಂದಣಿ ಪುಸ್ತಕದಲ್ಲಿ ಹೆಸರು ದಾಖಲಿಸಿಕೊಳ್ಳಬೇಕು. ನೋಂದಣಿಯಿಲ್ಲದೆ ಆ ವೃತ್ತಿ ನಡೆಸಿದರೆ 1 ವರ್ಷದವರೆಗೆ ಸೆರೆವಾಸ ಅಥವಾ 1,000 ರೂಪಾಯಿವರೆಗೆ ದಂಡ ಅಥವಾ ಎರಡನ್ನೂ ವಿಧಿಸಲು ಕಾಯ್ದೆಯಲ್ಲಿ ಅವಕಾಶವಿದೆ.

2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ 2018ರ ಮೇ 29ರಿಂದ ಜಾರಿಗೆ ಬಂದಿತು. ಅದರ ವ್ಯಾಖ್ಯೆಯಂತೆ ಚಿಕಿತ್ಸಾ ಮನೋವಿಜ್ಞಾನಿ ಎಂದರೆ ಮುಖ್ಯವಾಗಿ ಮನೋವಿಜ್ಞಾನದಲ್ಲಿ ಸ್ನಾತಕೋತ್ತರ ಪದವಿ ಪಡೆದು, ಆ ಬಳಿಕ ಮೇಲ್ವಿಚಾರಣೆಯ ಚಿಕಿತ್ಸಾ ತರಬೇತಿಯನ್ನು ಒಳಗೊಂಡ 2 ವರ್ಷಗಳ ಪೂರ್ಣಾವಧಿ ಎಂ.ಫಿಲ್. ಅನ್ನು ಆರ್.ಸಿ.ಐ. ಮಾನ್ಯತೆಯ ಕೋರ್ಸಿನಲ್ಲಿ ಮುಗಿಸಿದವರು. ಮನೋವೈದ್ಯಕೀಯ ಸಮಾಜಕಾರ್ಯಕರ್ತರಿಗೂ ಇಂಥದೇ ವ್ಯಾಖ್ಯೆ ಇದೆ: ಎಂ.ಎಸ್.ಡಬ್ಲ್ಯೂ. ಮತ್ತು ಅದರ ಮೇಲೆ ಎಂ.ಫಿಲ್. ಗಮನಿಸಬೇಕಾದ ಸಂಗತಿಯೆಂದರೆ, ಈ ಕಾಯ್ದೆಯಲ್ಲಿ ‘ಆಪ್ತಸಮಾಲೋಚಕ’ ಎಂಬುದಕ್ಕೆ ವ್ಯಾಖ್ಯೆಯೇ ಇಲ್ಲ. ಹೀಗಾಗಿ ಆಪ್ತಸಮಾಲೋಚನಾ ಮನೋವಿಜ್ಞಾನದಲ್ಲಿ ಎಂ.ಎಸ್ಸಿ. ಮುಗಿಸಿದವರೂ ವಾರಾಂತ್ಯದ ಪ್ರಮಾಣಪತ್ರ ಪಡೆದವರೂ ದೀರ್ಘಕಾಲ ಒಂದೇ ಫಲಕದಡಿ ಕೆಲಸ ಮಾಡುವ ಸ್ಥಿತಿ ಉಂಟಾಯಿತು.

ಈ ಖಾಲಿ ಜಾಗವನ್ನು ತುಂಬುವ ಉದ್ದೇಶವುಳ್ಳದ್ದು 2021ರ ರಾಷ್ಟ್ರೀಯ ಸಹವರ್ತಿ ಮತ್ತು ಆರೋಗ್ಯ ಆರೈಕೆ ವೃತ್ತಿಗಳ ಆಯೋಗ ಕಾಯ್ದೆ. ಅದರ ಅನುಸೂಚಿಯಲ್ಲಿ ವರ್ತನಾ ಆರೋಗ್ಯ ವಿಜ್ಞಾನಗಳ ವರ್ಗವೊಂದಿದ್ದು, ಆರ್.ಸಿ.ಐ. ವ್ಯಾಪ್ತಿಯ ಚಿಕಿತ್ಸಾ ಮನೋವಿಜ್ಞಾನಿಗಳನ್ನು ಬಿಟ್ಟು ಉಳಿದ ಮನೋವಿಜ್ಞಾನಿಗಳು, ವಿವಿಧ ಬಗೆಯ ಆಪ್ತಸಮಾಲೋಚಕರು, ವೈದ್ಯಕೀಯ ಮತ್ತು ಮನೋವೈದ್ಯಕೀಯ ಸಮಾಜಕಾರ್ಯಕರ್ತರು ಅದರಲ್ಲಿ ಸೇರಿದ್ದಾರೆ. ಆರೋಗ್ಯ ಆರೈಕೆ ವೃತ್ತಿಪರರ ಪದವಿಗೆ ಕನಿಷ್ಠ 3,600 ಗಂಟೆಗಳ ಕಲಿಕೆಯನ್ನು ಕಾಯ್ದೆ ನಿಗದಿಪಡಿಸಿದೆ.

ಎಂ.ಫಿಲ್. ಕುರಿತ ಅನಿಶ್ಚಿತತೆ

2020ರ ರಾಷ್ಟ್ರೀಯ ಶಿಕ್ಷಣ ನೀತಿಯು ಎಂ.ಫಿಲ್. ಪದವಿಯನ್ನು ಕೈಬಿಡಲು ಸೂಚಿಸಿತು. ಇತಿಹಾಸ, ಅರ್ಥಶಾಸ್ತ್ರ ಮುಂತಾದ ವಿಷಯಗಳಲ್ಲಿ ಎಂ.ಫಿಲ್. ಎಂಬುದು ಪಿಎಚ್.ಡಿ.ಗೆ ಹೋಗುವ ಮೆಟ್ಟಿಲಾಗಿತ್ತು. ಅದನ್ನು ತೆಗೆದರೆ ಹೆಚ್ಚಿನ ನಷ್ಟವಿರಲಿಲ್ಲ. ಚಿಕಿತ್ಸಾ ಮನೋವಿಜ್ಞಾನದಲ್ಲಿ ಮಾತ್ರ ಅದು ವೃತ್ತಿಯ ಪರವಾನಗಿಯೇ ಆಗಿತ್ತು. ವಿಶ್ವವಿದ್ಯಾಲಯ ಧನಸಹಾಯ ಆಯೋಗದ (ಯು.ಜಿ.ಸಿ.) 2022ರ ನಿಯಮಗಳು ಎಂ.ಫಿಲ್. ಅನ್ನು ನಿಲ್ಲಿಸಿದಾಗ ಈ ಭೇದವನ್ನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಆಕ್ಷೇಪಗಳು ಬಂದ ನಂತರ ಚಿಕಿತ್ಸಾ ಮನೋವಿಜ್ಞಾನ ಮತ್ತು ಮನೋವೈದ್ಯಕೀಯ ಸಮಾಜಕಾರ್ಯದ ಎಂ.ಫಿಲ್.ಗಳಿಗೆ 2025-26ನೇ ಸಾಲಿನ ಪ್ರವೇಶದವರೆಗೆ ವಿನಾಯಿತಿ ನೀಡಲಾಯಿತು. ಇದರ ಬದಲಿಗೆ ಪದವಿ ಮಟ್ಟದಿಂದಲೇ ಆರಂಭವಾಗುವ ಚಿಕಿತ್ಸಾ ಮನೋವಿಜ್ಞಾನದ ಕೋರ್ಸು, ಅದೇ ವಿಷಯದ ಎಂ.ಎ. ಮತ್ತು ಸೈ.ಡಿ. ಎಂಬ ವೃತ್ತಿಪರ ಡಾಕ್ಟರೇಟನ್ನು ಒಳಗೊಂಡ ಹೊಸ ಶ್ರೇಣಿಯನ್ನು ಆರ್.ಸಿ.ಐ. ರೂಪಿಸಿದೆ. 1 ವರ್ಷದ ವೃತ್ತಿಪರ ಡಿಪ್ಲೊಮಾ ಪಡೆದವರಿಗೆ ಸಹಾಯಕ ಸ್ತರದ ನೋಂದಣಿ ದೊರೆಯುತ್ತದೆ.

ಈ ಬದಲಾವಣೆಯ ಕಾಲದಲ್ಲಿ ಸ್ನಾತಕೋತ್ತರ ಪ್ರವೇಶ ಪಡೆಯುವ ವಿದ್ಯಾರ್ಥಿಯು ಹಿಂದಿನ ತಂಡದವರ ಅನುಭವವನ್ನು ಮಾತ್ರ ನಂಬುವಂತಿಲ್ಲ. ಪ್ರವೇಶದ ವರ್ಷದಲ್ಲಿ ಆರ್.ಸಿ.ಐ. ಜಾಲತಾಣದ ಮಾನ್ಯ ಸಂಸ್ಥೆಗಳ ಪಟ್ಟಿಯಲ್ಲಿ ಆ ಕೋರ್ಸು, ಆ ಕಾಲೇಜು ಮತ್ತು ಆ ಶೈಕ್ಷಣಿಕ ಸಾಲು ಮೂರೂ ಇವೆಯೇ ಎಂದು ನೋಡಬೇಕಾಗುತ್ತದೆ. ವಿಶ್ವವಿದ್ಯಾಲಯಕ್ಕೆ ಯು.ಜಿ.ಸಿ. ಮಾನ್ಯತೆ ಇದೆ ಎಂಬುದು ಕೋರ್ಸಿಗೆ ಆರ್.ಸಿ.ಐ. ಮಾನ್ಯತೆ ಇದೆ ಎಂಬುದಕ್ಕೆ ಸಾಕ್ಷ್ಯವಲ್ಲ. ಅಂತೆಯೇ, ಎಂ.ಎಸ್ಸಿ.ಯ ಹೆಸರಿನಲ್ಲಿ ‘ಕ್ಲಿನಿಕಲ್’ ಎಂಬ ಪದವಿದ್ದ ಮಾತ್ರಕ್ಕೆ ಅದು ನೋಂದಣಿಗೆ ಅರ್ಹತೆ ತಂದುಕೊಡುವುದಿಲ್ಲ.

ದೂರಶಿಕ್ಷಣದ ಪ್ರಶ್ನೆ

ಗ್ರಾಮೀಣ ವಿದ್ಯಾರ್ಥಿಗಳಿಗೂ, ಮದುವೆಯ ಬಳಿಕ ಓದು ಮುಂದುವರಿಸಲು ಬಯಸಿದ ಮಹಿಳೆಯರಿಗೂ, ಕೆಲಸದಲ್ಲಿರುವ ಶಿಕ್ಷಕರಿಗೂ ಮನೋವಿಜ್ಞಾನದ ಬಾಗಿಲು ತೆರೆದದ್ದು ದೂರಶಿಕ್ಷಣ. ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯದ (ಇಗ್ನೋ) ಮನೋವಿಜ್ಞಾನದ ಎಂ.ಎ.ಗೆ ಯಾವುದೇ ಪದವೀಧರರು ಸೇರಬಹುದಾಗಿತ್ತು. ಆಪ್ತಸಮಾಲೋಚನೆ ಮತ್ತು ಕುಟುಂಬ ಚಿಕಿತ್ಸೆಯಲ್ಲಿ ಅದೇ ವಿಶ್ವವಿದ್ಯಾಲಯ ಎಂ.ಎಸ್ಸಿ. ಹಾಗೂ ಸ್ನಾತಕೋತ್ತರ ಡಿಪ್ಲೊಮಾ ನಡೆಸುತ್ತಿತ್ತು. 1996ರಲ್ಲಿ ಸ್ಥಾಪಿತವಾದ ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯವೂ ಮನೋವಿಜ್ಞಾನವನ್ನು ಬೋಧಿಸಿದೆ.

2025ರ ಆಗಸ್ಟ್‌ನಲ್ಲಿ ಯು.ಜಿ.ಸಿ. ಹೊರಡಿಸಿದ ಸೂಚನೆಯು 2021ರ ಕಾಯ್ದೆಯ ವ್ಯಾಪ್ತಿಗೆ ಬರುವ ಆರೋಗ್ಯ ಸಂಬಂಧಿ ಕೋರ್ಸುಗಳನ್ನು ದೂರ ಮತ್ತು ಆನ್‌ಲೈನ್ ಕ್ರಮದಲ್ಲಿ ನಡೆಸುವುದನ್ನು 2025ರ ಜುಲೈ-ಆಗಸ್ಟ್ ಅವಧಿಯಿಂದ ನಿಷೇಧಿಸಿತು. ನಿಷೇಧಿತ ವಿಷಯಗಳಲ್ಲಿ ಮನೋವಿಜ್ಞಾನವೂ ಸೇರಿದೆ. ನಿಷೇಧದ ಹಿಂದಿನ ತರ್ಕ ಸುಲಭವಾಗಿ ಅರ್ಥವಾಗುವಂಥದು: ಎದುರಿಗೆ ಕುಳಿತ ಮನುಷ್ಯನ ಮಾತನ್ನು ಆಲಿಸುವ ಕಲೆಯನ್ನು ಅಂಚೆಯಲ್ಲಿ ಬಂದ ಪುಸ್ತಕದಿಂದ ಕಲಿಯಲಾಗದು. ಆದರೆ ಅದರ ಭಾರ ಬಿದ್ದದ್ದು ನಗರದಿಂದ ದೂರವಿರುವವರ ಮೇಲೆ. ಬೆಂಗಳೂರಿನ ವಿದ್ಯಾರ್ಥಿಗೆ ಪರ್ಯಾಯವಾಗಿ ಹತ್ತಾರು ಕಾಲೇಜುಗಳಿವೆ. ಹಾನಗಲ್ಲ ತಾಲ್ಲೂಕಿನ ವಿದ್ಯಾರ್ಥಿಗೆ ಮನೆಯಿಂದ ಹೊರಗೆ ಎರಡು ವರ್ಷ ವಾಸಿಸುವುದೇ ಪರ್ಯಾಯ. ಈ ಸೂಚನೆಯ ನಂತರವೂ ಮಾನಸಿಕ ಆರೋಗ್ಯದ ಆನ್‌ಲೈನ್ ‘ಡಿಪ್ಲೊಮಾ’ಗಳ ಜಾಹೀರಾತುಗಳು ಸಾಮಾಜಿಕ ಮಾಧ್ಯಮಗಳಲ್ಲಿ ಕಾಣಿಸುತ್ತಲೇ ಇವೆ. ಅವು ವಿಶ್ವವಿದ್ಯಾಲಯದ ಪದವಿಗೆ ಸಮನಲ್ಲ.

ಪ್ರಮುಖ ಮಾರ್ಗಗಳು

ಮನೋವಿಜ್ಞಾನದ ಸಾಮಾನ್ಯ ಎಂ.ಎ. ಅಥವಾ ಎಂ.ಎಸ್ಸಿ. ಅತ್ಯಂತ ವಿಶಾಲವಾದ ಮಾರ್ಗ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯ, ಮೈಸೂರಿನ ಮಾನಸಗಂಗೋತ್ರಿ ಮತ್ತು ಬೆಂಗಳೂರು ವಿಶ್ವವಿದ್ಯಾಲಯಗಳಲ್ಲಿ ಇದರ ಸ್ನಾತಕೋತ್ತರ ವಿಭಾಗಗಳಿವೆ; ಉಜಿರೆಯ ಶ್ರೀ ಧರ್ಮಸ್ಥಳ ಮಂಜುನಾಥೇಶ್ವರ ಕಾಲೇಜಿನಂಥ ಕಾಲೇಜುಗಳಲ್ಲಿಯೂ ಕೋರ್ಸು ನಡೆಯುತ್ತದೆ. ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಶುಲ್ಕ ಕಡಿಮೆ. ಸಂಶೋಧನಾ ವಿಧಾನ, ಸಂಖ್ಯಾಶಾಸ್ತ್ರ ಮತ್ತು ಮನೋಮಾಪನದ ಬುನಾದಿ ಗಟ್ಟಿ. ಸಲಹಾರ್ಥಿಗಳೊಡನೆ ನೇರ ಕೆಲಸದ ಅವಕಾಶ ಮಾತ್ರ ವಿಭಾಗದಿಂದ ವಿಭಾಗಕ್ಕೆ ಬಹಳ ಬದಲಾಗುತ್ತದೆ. ಚಿಕಿತ್ಸಾ ಮನೋವಿಜ್ಞಾನದ ಎಂ.ಫಿಲ್.ಗೆ ಸೇರುವವರು ಹೆಚ್ಚಾಗಿ ಈ ದಾರಿಯಲ್ಲಿ ಬಂದವರಾಗಿದ್ದು, ಸ್ನಾತಕೋತ್ತರದಲ್ಲಿ ಸಾಮಾನ್ಯವಾಗಿ ಶೇ. 55 ಅಂಕಗಳು ಅಗತ್ಯ.

ಆಪ್ತಸಮಾಲೋಚನಾ ಮನೋವಿಜ್ಞಾನದ ಪ್ರತ್ಯೇಕ ಎಂ.ಎಸ್ಸಿ. ಹೆಚ್ಚಾಗಿ ಖಾಸಗಿ ಸಂಸ್ಥೆಗಳಲ್ಲಿದೆ. ಬೆಂಗಳೂರಿನ ಕ್ರೈಸ್ಟ್ ವಿಶ್ವವಿದ್ಯಾಲಯ ಮತ್ತು ಮಾಂಟ್‌ಫರ್ಟ್ ಕಾಲೇಜು ಇದಕ್ಕೆ ಹೆಸರಾದವು. ಇಲ್ಲಿ ಮೊದಲ ವರ್ಷದಿಂದಲೇ ಸಂದರ್ಶನ ಕೌಶಲ, ಪರಸ್ಪರ ಅಭ್ಯಾಸ ಮತ್ತು ಕ್ಷೇತ್ರಕಾರ್ಯಕ್ಕೆ ಒತ್ತು ನೀಡಲಾಗುತ್ತದೆ. ಸರ್ಕಾರಿ ವಿಭಾಗಗಳಿಗೆ ಹೋಲಿಸಿದರೆ ಶುಲ್ಕ ಹಲವು ಪಟ್ಟು ಹೆಚ್ಚು. ಬೆಂಗಳೂರಿನ ವಸತಿ ವೆಚ್ಚ ಅದರ ಮೇಲೆ.

ಸಮಾಜಕಾರ್ಯದ ಮಾರ್ಗವನ್ನು ಈ ಚರ್ಚೆಯಲ್ಲಿ ಅನೇಕರು ಮರೆಯುತ್ತಾರೆ. ಎಂ.ಎಸ್.ಡಬ್ಲ್ಯೂ.ಗೆ ಬಹುತೇಕ ವಿಶ್ವವಿದ್ಯಾಲಯಗಳಲ್ಲಿ ಯಾವುದೇ ವಿಷಯದ ಪದವೀಧರರು ಅರ್ಹರು. ವಾರಕ್ಕೆ ನಿಗದಿತ ದಿನಗಳ ಕ್ಷೇತ್ರಕಾರ್ಯ ಕಡ್ಡಾಯವಾದುದರಿಂದ, ಅನೇಕ ಮನೋವಿಜ್ಞಾನ ವಿಭಾಗಗಳಿಗಿಂತ ಹೆಚ್ಚು ಮೇಲ್ವಿಚಾರಣೆಯ ಅನುಭವ ಇಲ್ಲಿ ದೊರೆಯುವುದುಂಟು. ಮಂಗಳೂರಿನ ರೋಶನಿ ನಿಲಯ ಮತ್ತು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಸಮಾಜಕಾರ್ಯ ವಿಭಾಗಗಳು ಈ ಶಿಕ್ಷಣದಲ್ಲಿ ಪರಿಚಿತವಾದವು. ಆದರೆ ಎಂ.ಎಸ್.ಡಬ್ಲ್ಯೂ. ಮುಗಿಸಿದವರು ಮುಂದೆ ಮನೋವೈದ್ಯಕೀಯ ಸಮಾಜಕಾರ್ಯಕ್ಕೆ ಹೋಗಬಹುದೇ ಹೊರತು ಚಿಕಿತ್ಸಾ ಮನೋವಿಜ್ಞಾನಕ್ಕೆ ದಾಟಲಾಗದು. ಎರಡು ದಾರಿಗಳು ಪದವಿಯ ನಂತರ ಕವಲೊಡೆದು ಮತ್ತೆ ಕೂಡುವುದಿಲ್ಲ.

ನಿಮ್ಹಾನ್ಸ್, ಡಿಮ್ಹಾನ್ಸ್ ಹಾಗೂ ಮಣಿಪಾಲದಂಥ ಆಸ್ಪತ್ರೆ ಆಧಾರಿತ ಸಂಸ್ಥೆಗಳ ಎಂ.ಫಿಲ್. ಮಾದರಿಯ ತರಬೇತಿಯಲ್ಲಿ ವಿದ್ಯಾರ್ಥಿ ಪ್ರತಿದಿನ ಹೊರರೋಗಿ ವಿಭಾಗ ಮತ್ತು ವಾರ್ಡುಗಳಲ್ಲಿ ಇರುತ್ತಾನೆ. ಸೀಟುಗಳು ಕಡಿಮೆ, ಪ್ರವೇಶ ಪರೀಕ್ಷೆಯ ಪೈಪೋಟಿ ತೀವ್ರ. ನಿಮ್ಹಾನ್ಸ್‌ನಲ್ಲಿ ಶಿಷ್ಯವೇತನ ದೊರೆಯುತ್ತದೆ. ಖಾಸಗಿ ಸಂಸ್ಥೆಗಳಲ್ಲಿ ಸ್ಥಿತಿ ಇದಕ್ಕೆ ವಿರುದ್ಧವಾಗಿರಬಹುದು.

ಇವಲ್ಲದೆ ಬೆಂಗಳೂರಿನ ಪರಿವರ್ತನ್ ಮೊದಲಾದ ಸ್ವಯಂಸೇವಾ ಸಂಸ್ಥೆಗಳು ಆಪ್ತಸಮಾಲೋಚನೆಯ ಡಿಪ್ಲೊಮಾ ತರಬೇತಿ ನೀಡುತ್ತವೆ. ಕೌಶಲದ ದೃಷ್ಟಿಯಿಂದ ಇಂಥ ಕೆಲವು ತರಬೇತಿಗಳು ವಿಶ್ವವಿದ್ಯಾಲಯದ ಕೋರ್ಸುಗಳಿಗಿಂತ ಉತ್ತಮವೆಂಬ ಅಭಿಪ್ರಾಯ ವೃತ್ತಿನಿರತರಲ್ಲಿದೆ. ಸರ್ಕಾರಿ ಹುದ್ದೆಯ ಅರ್ಹತೆಯಾಗಿ ಮಾತ್ರ ಅವು ಸ್ನಾತಕೋತ್ತರ ಪದವಿಯ ಸ್ಥಾನ ತುಂಬುವುದಿಲ್ಲ.

ಆಯ್ಕೆಯ ಮಾನದಂಡಗಳು

ಮೊದಲ ಪ್ರಶ್ನೆ ಮೇಲ್ವಿಚಾರಣೆಯದು. ವಿದ್ಯಾರ್ಥಿ ಎಷ್ಟು ಗಂಟೆ ನಿಜವಾದ ಸಲಹಾರ್ಥಿಗಳೊಡನೆ ಕಳೆಯುತ್ತಾನೆ, ಆ ಪ್ರಕರಣಗಳನ್ನು ಯಾರು ಅವನೊಂದಿಗೆ ಕುಳಿತು ಪರಿಶೀಲಿಸುತ್ತಾರೆ ಎಂಬುದು ಪಠ್ಯಪುಸ್ತಕಗಳ ಪಟ್ಟಿಗಿಂತ ಹೆಚ್ಚಿನದನ್ನು ಹೇಳುತ್ತದೆ. ಹೋಲಿಕೆಗೆ: ಅಮೆರಿಕದಲ್ಲಿ ಆಪ್ತಸಮಾಲೋಚನಾ ಕೋರ್ಸುಗಳಿಗೆ ಮಾನ್ಯತೆ ನೀಡುವ ಸಿ.ಎ.ಸಿ.ಆರ್.ಇ.ಪಿ. ಮಂಡಳಿಯು 100 ಗಂಟೆಗಳ ಪ್ರಾಥಮಿಕ ಕ್ಷೇತ್ರಾಭ್ಯಾಸವನ್ನೂ 600 ಗಂಟೆಗಳ ಇಂಟರ್ನ್‌ಶಿಪ್ಪನ್ನೂ ಕಡ್ಡಾಯಗೊಳಿಸಿದೆ; ಇಂಟರ್ನ್‌ಶಿಪ್ಪಿನಲ್ಲಿ 240 ಗಂಟೆ ನೇರ ಸೇವೆಯಾಗಿರಬೇಕು. ಬ್ರಿಟನ್ನಿನ ಬಿ.ಎ.ಸಿ.ಪಿ. ಮಾನ್ಯತೆಯ ಕೋರ್ಸುಗಳಲ್ಲಿ ಕನಿಷ್ಠ 100 ಗಂಟೆಗಳ ಮೇಲ್ವಿಚಾರಣೆಯ ಸಲಹಾರ್ಥಿ ಕೆಲಸ ಇರಬೇಕು. ಕರ್ನಾಟಕದ ಎಂ.ಎಸ್ಸಿ. ಕೋರ್ಸುಗಳ ಕೈಪಿಡಿಗಳಲ್ಲಿ ಇಂಥ ಸಂಖ್ಯೆ ಸ್ಪಷ್ಟವಾಗಿ ಕಾಣದಿದ್ದರೆ ವಿಭಾಗದ ಮುಖ್ಯಸ್ಥರನ್ನೋ ಹಿರಿಯ ವಿದ್ಯಾರ್ಥಿಗಳನ್ನೋ ನೇರವಾಗಿ ಕೇಳುವುದು ರೂಢಿ. ಶಾಲೆಯೊಂದಕ್ಕೆ ಭೇಟಿ ನೀಡಿ ವರದಿ ಬರೆಯುವುದನ್ನು ‘ಇಂಟರ್ನ್‌ಶಿಪ್’ ಎಂದು ಎಣಿಸುವ ವಿಭಾಗಗಳೂ ಇವೆ ಎಂಬುದನ್ನು ಮರೆಯಬಾರದು.

ಎರಡನೆಯದು ಬೋಧಕರ ಹಿನ್ನೆಲೆ. ಮನೋಚಿಕಿತ್ಸೆಯನ್ನು ಕಲಿಸುವವರು ಸ್ವತಃ ಚಿಕಿತ್ಸೆ ನಡೆಸುತ್ತಿರುವರೇ? ವಿಭಾಗವು ಒಂದೇ ಪಂಥಕ್ಕೆ, ಉದಾಹರಣೆಗೆ ಆರನ್ ಬೆಕ್ ರೂಪಿಸಿದ ಅರಿವಿನ ಚಿಕಿತ್ಸೆಗೆ ಸೀಮಿತವೇ, ಅಥವಾ ಕುಟುಂಬ ಚಿಕಿತ್ಸೆ, ಮನೋವಿಶ್ಲೇಷಣಾ ಮೂಲದ ಚಿಕಿತ್ಸೆಗಳನ್ನೂ ಪರಿಚಯಿಸುತ್ತದೆಯೇ? ಆರಂಭಿಕರಿಗೆ ಒಂದು ವಿಧಾನದಲ್ಲಿ ಆಳವಾದ ತರಬೇತಿ ಹತ್ತು ವಿಧಾನಗಳ ಪರಿಚಯಕ್ಕಿಂತ ಉಪಯುಕ್ತವೆಂದು ಹೆಚ್ಚಿನ ಮೇಲ್ವಿಚಾರಕರು ಹೇಳುತ್ತಾರೆ. ವಿದ್ಯಾರ್ಥಿಯು ತಾನೇ ಸಲಹಾರ್ಥಿಯಾಗಿ ಕೆಲವು ಭೇಟಿಗಳನ್ನು ಅನುಭವಿಸಬೇಕೆಂಬ ನಿಯಮ ಕೆಲವೆಡೆ ಇದೆ. ಭಾರತದಲ್ಲಿ ಅದು ಇನ್ನೂ ವಿರಳ.

ಶುಲ್ಕದ ಲೆಕ್ಕದಲ್ಲಿ ಸೇರಬೇಕಾದುದು ಎರಡು ವರ್ಷದ ಮೊತ್ತ ಮಾತ್ರವಲ್ಲ. ಎಂ.ಎಸ್ಸಿ.ಯ ನಂತರ ಮತ್ತೆರಡು ವರ್ಷದ ತರಬೇತಿ ಬೇಕಾದರೆ ದುಡಿಮೆ ಆರಂಭವಾಗುವುದು ಪದವಿಯಾಗಿ ನಾಲ್ಕು ವರ್ಷಗಳ ನಂತರ. ಕುಟುಂಬದ ಮೊದಲ ಪದವೀಧರನಾದ ವಿದ್ಯಾರ್ಥಿಗೆ ಇದು ಸಣ್ಣ ಸಂಗತಿಯಲ್ಲ. ಮೆಟ್ರಿಕ್ ನಂತರದ ವಿದ್ಯಾರ್ಥಿವೇತನಗಳಿಗೆ ರಾಜ್ಯ ಸರ್ಕಾರದ ವಿದ್ಯಾರ್ಥಿವೇತನ ತಂತ್ರಾಂಶದ ಮೂಲಕ ಅರ್ಜಿ ಸಲ್ಲಿಸಬಹುದು.

ಭಾಷೆ

ಸ್ನಾತಕೋತ್ತರ ಮನೋವಿಜ್ಞಾನದ ಬೋಧನೆ ಬಹುಮಟ್ಟಿಗೆ ಇಂಗ್ಲಿಷಿನಲ್ಲಿದೆ. ಸಲಹಾರ್ಥಿಯ ಅಳು ಕನ್ನಡದಲ್ಲಿದೆ. ಉತ್ತರ ಕರ್ನಾಟಕದಲ್ಲಿ ಸಂಕಟ ಹೇಳಿಕೊಳ್ಳುವವರು ‘ಡಿಪ್ರೆಶನ್’ ಎನ್ನುವುದಿಲ್ಲ. ‘ಮನಸ್ಸಿಗೆ ಬ್ಯಾಸರಾಗೇದ’, ‘ಎದಿ ಧಸಕ್ ಅಂತದ’, ‘ತಲಿ ಗುಂಯ್ ಅಂತದ’, ‘ಯಾವುದರಾಗೂ ಜೀವ ಇಲ್ಲ’ ಎನ್ನುತ್ತಾರೆ. ಇವುಗಳಲ್ಲಿ ಯಾವುದು ದಣಿವು, ಯಾವುದು ಆತಂಕ, ಯಾವುದು ಬದುಕು ಸಾಕೆಂಬ ಸೂಚನೆ ಎಂಬುದನ್ನು ಪಠ್ಯಪುಸ್ತಕ ತಿಳಿಸುವುದಿಲ್ಲ. ಇಂಗ್ಲಿಷಿನಲ್ಲಿ ಮಾತ್ರ ಅಭ್ಯಾಸ ಮಾಡಿದ ತರಬೇತಾರ್ಥಿಗಳು ಮೊದಲ ಕನ್ನಡ ಭೇಟಿಯಲ್ಲಿ ತಡವರಿಸುವುದು ಸಾಮಾನ್ಯ. ಈ ದೃಷ್ಟಿಯಿಂದ ಧಾರವಾಡದ ತರಬೇತಿಗೆ ಬೆಂಗಳೂರಿನ ಅನೇಕ ಕೋರ್ಸುಗಳಿಗಿಲ್ಲದ ಅನುಕೂಲವಿದೆ: ಅಲ್ಲಿಗೆ ಬರುವ ರೋಗಿಗಳು ವಿದ್ಯಾರ್ಥಿ ಮುಂದೆ ಸೇವೆ ಸಲ್ಲಿಸಬೇಕಾದ ಊರುಗಳಿಂದಲೇ ಬಂದವರು.

ಕನ್ನಡದಲ್ಲಿ ಈ ಶಾಸ್ತ್ರದ ಬರವಣಿಗೆ ಬಡವಾದುದಲ್ಲ. ‘ಕೊರವಂಜಿ’ ಪತ್ರಿಕೆಯ ಸಂಪಾದಕರಾಗಿ ‘ರಾಶಿ’ ಎಂದು ಪ್ರಸಿದ್ಧರಾದ ಡಾ. ಎಂ. ಶಿವರಾಂ ಅವರ ‘ಮನಮಂಥನ’ ಕೃತಿಗೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಿತು. ನಿಮ್ಹಾನ್ಸ್‌ನಲ್ಲಿ ಪ್ರಾಧ್ಯಾಪಕರಾಗಿದ್ದ ಡಾ. ಸಿ. ಆರ್. ಚಂದ್ರಶೇಖರ್ ದಶಕಗಳಿಂದ ಜನಸಾಮಾನ್ಯರಿಗಾಗಿ ಕನ್ನಡದಲ್ಲಿ ಬರೆಯುತ್ತ ಬಂದಿದ್ದಾರೆ. ಆದರೆ ಈ ಪುಸ್ತಕಗಳು ಓದುಗರಿಗಾಗಿ ಬರೆದವು. ಚಿಕಿತ್ಸಕರ ತರಬೇತಿಗೆ ಬೇಕಾದ ಕನ್ನಡ ಪಠ್ಯಗಳು ಇನ್ನೂ ಸಾಲದು.

ಹಾವೇರಿ ಜಿಲ್ಲೆಯ ಸಂದರ್ಭ

ಹಾವೇರಿ ಜಿಲ್ಲೆ 1997ರಲ್ಲಿ ಧಾರವಾಡ ಜಿಲ್ಲೆಯಿಂದ ಬೇರ್ಪಟ್ಟಿತು. ಹಾನಗಲ್ಲ ತಾಲ್ಲೂಕಿನ ದೊಡ್ಡ ಊರುಗಳಲ್ಲೊಂದಾದ ಅಕ್ಕಿಆಲೂರಿನಲ್ಲಿ ಸಿ. ಜಿ. ಬೆಲ್ಲದ ಸರ್ಕಾರಿ ಪ್ರಥಮ ದರ್ಜೆ ಕಾಲೇಜಿದೆ. ಇಂಥ ಗ್ರಾಮೀಣ ಕಾಲೇಜುಗಳಿಂದ ಕಲೆ ಅಥವಾ ವಾಣಿಜ್ಯ ಪದವಿ ಪಡೆದ ವಿದ್ಯಾರ್ಥಿಗಳ ಮುಂದಿರುವ ಮೊದಲ ಅಡ್ಡಿ ಎಂದರೆ, ಮನೋವಿಜ್ಞಾನದ ಸ್ನಾತಕೋತ್ತರಕ್ಕೆ ಸೇರಲು ಅನೇಕ ವಿಶ್ವವಿದ್ಯಾಲಯಗಳು ಪದವಿಯಲ್ಲಿ ಆ ವಿಷಯ ಓದಿರುವುದನ್ನು ಕೇಳುತ್ತವೆ. ದೂರಶಿಕ್ಷಣದ ದಾರಿ ಮುಚ್ಚಿದ ಮೇಲೆ, ಇತಿಹಾಸ, ಕನ್ನಡ, ಅರ್ಥಶಾಸ್ತ್ರಗಳನ್ನು ಓದಿದವರಿಗೆ ಎಂ.ಎಸ್.ಡಬ್ಲ್ಯೂ. ಹೆಚ್ಚು ಸುಲಭವಾಗಿ ದಕ್ಕುವ ಮಾರ್ಗವಾಗಿ ಉಳಿದಿದೆ. ಪಿ.ಯು.ಸಿ. ಮುಗಿಸಿದ ಹಂತದಲ್ಲಿಯೇ ಈ ಕ್ಷೇತ್ರದ ಆಸಕ್ತಿಯಿರುವವರು ಪದವಿಯಲ್ಲಿ ಮನೋವಿಜ್ಞಾನವಿರುವ ಕಾಲೇಜನ್ನು ಆರಿಸಿಕೊಂಡರೆ ಎರಡೂ ದಾರಿಗಳು ತೆರೆದಿರುತ್ತವೆ. ಈ ಮಾಹಿತಿ ತಲುಪಬೇಕಾದ ವಯಸ್ಸಿಗೆ ತಲುಪುವುದು ಅಪರೂಪ.

ಅಗತ್ಯದ ಬಗ್ಗೆ ಸಂದೇಹವಿಲ್ಲ. ಮಳೆಯನ್ನು ನಂಬಿದ ಬೇಸಾಯ, ಸಾಲ ಮತ್ತು ಬೆಲೆ ಕುಸಿತಗಳಿಂದಾಗಿ ರೈತರ ಆತ್ಮಹತ್ಯೆಗಳ ಸುದ್ದಿಯಲ್ಲಿ ಹಾವೇರಿಯ ಹೆಸರು ಮತ್ತೆ ಮತ್ತೆ ಬಂದಿದೆ. ನಿಮ್ಹಾನ್ಸ್ 2015-16ರಲ್ಲಿ 12 ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯಂತೆ ವಯಸ್ಕರಲ್ಲಿ ಶೇ. 10.6 ಮಂದಿ ಆ ಸಮಯದಲ್ಲಿ ಯಾವುದಾದರೊಂದು ಮಾನಸಿಕ ತೊಂದರೆಯಿಂದ ಬಳಲುತ್ತಿದ್ದರು. ತೊಂದರೆಯ ಬಗೆಯನ್ನು ಅನುಸರಿಸಿ ಹೆಚ್ಚಿನ ವರ್ಗಗಳಲ್ಲಿ ಶೇ. 70ಕ್ಕೂ ಮೀರಿದ ಜನರಿಗೆ ಚಿಕಿತ್ಸೆ ದೊರೆತಿರಲಿಲ್ಲ. (ಸಮೀಕ್ಷೆ ನಡೆಸಿದ ಸಂಸ್ಥೆ ಬೆಂಗಳೂರಿನದಾದರೂ ಆ 12 ರಾಜ್ಯಗಳಲ್ಲಿ ಕರ್ನಾಟಕ ಇರಲಿಲ್ಲ.) ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವು ನಿಮ್ಹಾನ್ಸ್ 1985ರಿಂದ ಬಳ್ಳಾರಿ ಜಿಲ್ಲೆಯಲ್ಲಿ ನಡೆಸಿದ ಪ್ರಯೋಗದ ಮಾದರಿಯಲ್ಲಿ 1996ರಲ್ಲಿ ರಾಷ್ಟ್ರಮಟ್ಟದಲ್ಲಿ ಆರಂಭವಾದುದು. ಮನೋವೈದ್ಯರು ತಾಲ್ಲೂಕು ಆಸ್ಪತ್ರೆಗಳಿಗೆ ಮಂಗಳವಾರ ಬರುವ ‘ಮನೋಚೈತನ್ಯ’ ಕಾರ್ಯಕ್ರಮ ರಾಜ್ಯದ್ದು. ಔಷಧ ಬರೆದುಕೊಡಲು ವಾರಕ್ಕೊಂದು ದಿನ ಸಾಕಾಗಬಹುದು, ಮನೋಚಿಕಿತ್ಸೆಗೆ ಸಾಲದು.

ಉದ್ಯೋಗ

ಜಿಲ್ಲಾ ಮಾನಸಿಕ ಆರೋಗ್ಯ ತಂಡದಲ್ಲಿ ಚಿಕಿತ್ಸಾ ಮನೋವಿಜ್ಞಾನಿ ಮತ್ತು ಮನೋವೈದ್ಯಕೀಯ ಸಮಾಜಕಾರ್ಯಕರ್ತರ ಹುದ್ದೆಗಳಿವೆ. ಎಚ್.ಐ.ವಿ. ಪರೀಕ್ಷೆಯ ಐ.ಸಿ.ಟಿ.ಸಿ. ಕೇಂದ್ರಗಳು, ಹದಿಹರೆಯದವರ ‘ಸ್ನೇಹ’ ಕ್ಲಿನಿಕ್‌ಗಳು, ದೌರ್ಜನ್ಯಕ್ಕೊಳಗಾದ ಮಹಿಳೆಯರ ‘ಸಾಂತ್ವನ’ ಮತ್ತು ‘ಸಖಿ’ ಕೇಂದ್ರಗಳಲ್ಲಿ ಆಪ್ತಸಮಾಲೋಚಕರು ಕೆಲಸ ಮಾಡುತ್ತಾರೆ. ಇವು ಬಹುಪಾಲು ಗುತ್ತಿಗೆ ಹುದ್ದೆಗಳು. ಸಂಬಳ ಕಡಿಮೆ, ಹೊಣೆ ಭಾರ. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ-ಮಾನಸ್ ಸಹಾಯವಾಣಿ (14416) ತರಬೇತಿ ಪಡೆದ ಆಪ್ತಸಮಾಲೋಚಕರಿಗೆ ಹೊಸ ಅವಕಾಶ ತೆರೆದಿದೆ. ಸಂಕಟದಲ್ಲಿರುವ ಯಾರೂ ದಿನದ ಯಾವ ವೇಳೆಯಲ್ಲಾದರೂ ಆ ಸಂಖ್ಯೆಗೆ ಉಚಿತವಾಗಿ ಕನ್ನಡದಲ್ಲಿಯೇ ಕರೆ ಮಾಡಬಹುದು.

ವಿದ್ಯಾರ್ಥಿಗಳ ಆತ್ಮಹತ್ಯೆಗೆ ಸಂಬಂಧಿಸಿದ ಪ್ರಕರಣವೊಂದರಲ್ಲಿ ಸರ್ವೋಚ್ಚ ನ್ಯಾಯಾಲಯವು 2025ರ ಜುಲೈ 25ರಂದು ನೀಡಿದ ಮಾರ್ಗಸೂಚಿಗಳಂತೆ 100 ಅಥವಾ ಅದಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿರುವ ಶಿಕ್ಷಣ ಸಂಸ್ಥೆಗಳು ಕನಿಷ್ಠ ಒಬ್ಬ ಅರ್ಹ ಆಪ್ತಸಮಾಲೋಚಕ, ಮನೋವಿಜ್ಞಾನಿ ಅಥವಾ ಸಮಾಜಕಾರ್ಯಕರ್ತರನ್ನು ನೇಮಿಸಿಕೊಳ್ಳಬೇಕು. ಇದು ಪೂರ್ಣವಾಗಿ ಜಾರಿಯಾದರೆ ತಾಲ್ಲೂಕು ಮಟ್ಟದ ಕಾಲೇಜುಗಳಿಗೂ ಸಾವಿರಾರು ತರಬೇತಿ ಪಡೆದವರು ಬೇಕಾಗುತ್ತಾರೆ.

ವಿದೇಶದಲ್ಲಿ ವ್ಯಾಸಂಗ

ವಿದೇಶಗಳಲ್ಲಿ ನೆಲೆಸಿದ ಕನ್ನಡ ಕುಟುಂಬಗಳ ಮಕ್ಕಳೂ ಇಲ್ಲಿಂದ ಹೋಗುವ ವಿದ್ಯಾರ್ಥಿಗಳೂ ಅಲ್ಲಿ ಈ ಕೋರ್ಸುಗಳನ್ನು ಆರಿಸಿಕೊಳ್ಳುವುದುಂಟು. ಅಮೆರಿಕದಲ್ಲಿ ವೃತ್ತಿ ಪರವಾನಗಿಯನ್ನು ಆಯಾ ರಾಜ್ಯ ನೀಡುತ್ತದೆ. ಪದವಿಯ ನಂತರವೂ ಮೇಲ್ವಿಚಾರಣೆಯ ಗಂಟೆಗಳನ್ನು ಪೂರೈಸಿ ಪರೀಕ್ಷೆ ಬರೆಯಬೇಕು. ಬ್ರಿಟನ್ನಿನಲ್ಲಿ ‘ಕೌನ್ಸೆಲರ್’, ‘ಸೈಕೋಥೆರಪಿಸ್ಟ್’ ಎಂಬ ಹೆಸರುಗಳಿಗೆ ಕಾನೂನಿನ ರಕ್ಷಣೆ ಇಲ್ಲವಾದುದರಿಂದ ಬಿ.ಎ.ಸಿ.ಪಿ.ಯಂಥ ವೃತ್ತಿಸಂಘಗಳ ಸದಸ್ಯತ್ವವೇ ಮಾನದಂಡ. ಭಾರತಕ್ಕೆ ಮರಳುವ ಉದ್ದೇಶವಿರುವವರಿಗೆ ಎರಡು ಬೇರೆ ಬೇರೆ ಹಂತಗಳಿವೆ: ಪದವಿಯ ಸಮಾನತೆಗೆ ಮಾನ್ಯತೆ ಪಡೆಯಬೇಕು, ಚಿಕಿತ್ಸಾ ಮನೋವಿಜ್ಞಾನಿಯಾಗಿ ನೋಂದಣಿಗೆ ಆರ್.ಸಿ.ಐ. ಒಪ್ಪಿಗೆ ಪ್ರತ್ಯೇಕವಾಗಿ ಬೇಕು. ಮೊದಲನೆಯದು ದೊರೆತವರಿಗೆ ಎರಡನೆಯದು ತಾನಾಗಿಯೇ ದೊರೆಯುವುದಿಲ್ಲ.